ಎಣ್ಣೆ ಒಲ್ಲದ ಕಲ್ಲು

ನಮ್ಮ ಮನೆಯ ಸಾಮಾನುಗಳಲ್ಲಿ ಎರಡೇ ಜಾತಿ: ಎಣ್ಣೆ ಬೇಡುವವು, ಎಣ್ಣೆ ಒಲ್ಲೆನ್ನುವವು. ಹಾಗೆಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದಳು. ಗಾಡಿಯ ಅಚ್ಚು ಬೇಡುತ್ತದೆ. ಬಾವಿಯ ಗಡಗಡಿಯ ನಡುವಿನ ಕಬ್ಬಿಣದ ಕೀಲು ಬೇಡುತ್ತದೆ, ಆದರೆ ಅದೇ ಗಡಗಡಿಯಲ್ಲಿ ಹಗ್ಗ ಓಡುವ ಜಾಗ ಬೇಡುವುದಿಲ್ಲ. ಅಲ್ಲಿ ಒಂದು ಹನಿ ಬಿದ್ದರೂ ಹಗ್ಗ ಜಾರುತ್ತದೆ. ನನ್ನ ತಲೆ ಬೇಡುತ್ತದೆ. ತಲಬಾಗಿಲೂ ಬೇಡುತ್ತಿತ್ತು, ಆಯಿ ಕೊಡುತ್ತಿರಲಿಲ್ಲ. ಅದು ಕಿರ್ರೆನ್ನಬೇಕು, ಯಾರು ಹೊರಗೆ ಹೋದರು, ಯಾರು ಒಳಗೆ ಬಂದರು ಎನ್ನುವುದು ಒಲೆಯ ಮುಂದೆ ಕೂತ ತನಗೆ ತಿಳಿಯಬೇಕು ಎನ್ನುವುದು ಅವಳ ಹಟ. ಊರ ಬಡಿಗ ಒಮ್ಮೆ ತಾನಾಗಿಯೇ ಅದಕ್ಕೆ ಎಣ್ಣೆ ಬಿಡಲು ಹೋಗಿ ಬೈಸಿಕೊಂಡಿದ್ದ.

“ಆ ಬಾಗಲಾ ನನ್ನ ಚಾಡಿಕೋರ ಐತೋ. ಅದರ ಬಾಯಿ ಮುಚ್ಚಿಸಬ್ಯಾಡ!”

ಮೊನ್ನೆ ಮೊಮ್ಮಗಳು ವಿಜ್ಞಾನದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಬಲ, ಘರ್ಷಣೆ, ಒಂದನ್ನೊಂದು ಉಜ್ಜುವ ಎರಡು ಮೈಗಳು, ಅದು ಎಲ್ಲಿ ಬೇಕು ಎಲ್ಲಿ ಬೇಡ. ಕೇಳುತ್ತ ಕೇಳುತ್ತ ನನಗೆ ತಡೆಯಲಾರದಷ್ಟು ಸಂತೋಷವಾಯಿತು. ಸೋಸುತ್ತಿದ್ದ ಸೊಪ್ಪು ಅಲ್ಲೇ ಬಿಟ್ಟು ಎದ್ದು ಹೋಗಿ ಅವಳ ಗಲ್ಲ ಹಿಂಡಿಬಿಟ್ಟೆ.

“ಇದು ನಮ್ಮ ಮನೀ ಕತಿ ಐತಲ್ಲs ಯವ್ವಾ!”

“ಅಮ್ಮಾ, ಇದು ಸಾಲೀ ಪುಸ್ತಕ.”

“ಪುಸ್ತಕದಾಗ ಆಮ್ಯಾಲ ಬಂದೈತಿ. ಮೊದಲು ನಮ್ಮ ಮನ್ಯಾಗ ಆಗೇತಿ.”

ಹಾಗಾದರೆ ಬರೆ ಎಂದು ಹೇಳಿ ಪೆನ್ನು ಕೊಟ್ಟಳು. ನಾನು ಸಾಲಿ ಕಲಿತದ್ದು ಅಷ್ಟಕ್ಕಷ್ಟೇ. ನಿಜಾಮನ ಕಾಲ, ಉರ್ದು ಹೇಳುವ ಮಾಸ್ತರರು, ಹೆಣ್ಣುಮಕ್ಕಳನ್ನು ಕಳಿಸುವವರು ಯಾರು? ಮನೆಯ ಗೋಡೆಗೆ ಇದ್ದಿಲಿನಿಂದ ಗೀಚಿ ಕಲಿತ ಅಕ್ಷರ ನನ್ನದು. ಆದರೆ ಇದೊಂದನ್ನು ನಾನು ಬರೆಯದಿದ್ದರೆ ಬರೆಯುವವರು ಇನ್ನು ಯಾರೂ ಉಳಿದಿಲ್ಲ.

ಯಲಬುರ್ಗಾದ ಕಡೆ, ಬೇವೂರಿಗೆ ಹೋಗುವ ಗಾಡಿದಾರಿಯ ಮಗ್ಗುಲಲ್ಲಿ ನಮ್ಮ ಊರು. ಸುತ್ತ ಕರಿ ಎರೆಹೊಲ. ಮಣ್ಣಿನ ಮಾಳಿಗೆಯ ಮನೆ, ಒಳಗೆ ಕಾಲಿಟ್ಟರೆ ಮೊದಲು ಎತ್ತು, ಆಮೇಲೆ ಮನುಷ್ಯರು. ಎತ್ತು ಕಟ್ಟುವ ತಗ್ಗಿನಿಂದ ಒಂದು ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅದರ ಮೂಲೆಯಲ್ಲಿ ಬೆಳಕಿಂಡಿಯ ಕೆಳಗೆ ಬೀಸುವ ಕಲ್ಲು. ನಸುಕಿನಲ್ಲಿ ಆ ಕಲ್ಲಿನ ಗರ್ ಗರ್ ಶಬ್ದದಿಂದಲೇ ನನಗೆ ಎಚ್ಚರ. ಬೆಳಕಿಂಡಿಯಿಂದ ಇಳಿದ ಬೆಳಕಿನ ಕಂಬದೊಳಗೆ ಹಿಟ್ಟಿನ ಧೂಳಿ ಏಳುತ್ತಿತ್ತು. ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ಅವಳು ತೀರಿಕೊಂಡಾಗ ನಾನು ಇನ್ನೂ ತೆವಳುತ್ತಿದ್ದೆನಂತೆ. ಹಾಗಾಗಿ ಅವ್ವ ಎಂದರೆ ನನಗೆ ಬಹಳ ದಿನ ಆ ಕಲ್ಲಿನ ಶಬ್ದವೇ ಆಗಿತ್ತು. ಎದುರುಬದುರು ಕೂತು ಬೀಸಬೇಕಾದ ಕಲ್ಲನ್ನು ಆಯಿ ಒಬ್ಬಳೇ ತಿರುವುತ್ತಿದ್ದಳು.

ಆಮೇಲೆ ಚಿಗವ್ವ ಬಂದಳು. ಅಪ್ಪ ಎರಡನೆಯ ಲಗ್ನ ಮಾಡಿಕೊಂಡು ಗಂಗಾವತಿಯ ಕಡೆಯಿಂದ ಅವಳನ್ನು ತಂದ. ನೀಲವ್ವ ಅಂತ ಹೆಸರು. ಮಲತಾಯಿ ಎಂದರೆ ಕಿವಿ ಹಿಂಡುತ್ತಾಳೆ, ಅನ್ನ ಹಾಕುವುದಿಲ್ಲ ಎಂದು ಓಣಿಯ ಹುಡುಗಿಯರು ನನ್ನನ್ನು ಹೆದರಿಸಿಟ್ಟಿದ್ದರು. ಬಂದ ಮರುದಿನ ಅವಳು ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ತಲೆ ಬಾಚಿದಳು. ಆಯಿ ಬಾಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಚಿಗವ್ವ ಕೂದಲಿನ ನಡುವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲೆ ಬಂದಳು. ಎಳೆತವೆಲ್ಲ ಅವಳ ಮುಷ್ಟಿಯಲ್ಲೇ ನಿಂತುಬಿಟ್ಟಿತು, ನನ್ನ ನೆತ್ತಿಗೆ ಮುಟ್ಟಲೇ ಇಲ್ಲ. ನಾನು ಹಾಗೆಯೇ ಕೂತಲ್ಲೇ ನಿದ್ದೆ ಹೋದೆ. ಏನು ಹೇಳಲಿ, ಇಷ್ಟು ವಯಸ್ಸಾದರೂ ಬಾಚಣಿಗೆ ಕೈಗೆ ತಗೊಂಡರೆ ಆ ಮೊಣಕಾಲುಗಳ ನಡುವಿನ ಜಾಗ ಬೇಕೆನಿಸುತ್ತದೆ.

ಆದರೆ ಅವಳು ಭತ್ತದ ನಾಡಿನವಳು. ಅಲ್ಲಿ ಹಳೆಯ ಅರಸರ ಕಾಲದ ಕಾಲುವೆಗಳ ನೀರು, ಎರಡು ಹೊತ್ತು ಅನ್ನ. ಅವಳಿಗೆ ಒನಕೆ ಗೊತ್ತು, ನೀರು ಹಾಕಿ ರುಬ್ಬುವ ಒರಳು ಗೊತ್ತು. ಒಣ ಜೋಳವನ್ನು ಮನೆಮಂದಿಗೆಲ್ಲ ಆಗುವಷ್ಟು ದಿನಾ ಬೀಸುವುದು ಗೊತ್ತಿರಲಿಲ್ಲ. ನಮ್ಮದು ರೊಟ್ಟಿಯ ಮನೆ. ಹಿಟ್ಟು ಸಣ್ಣಗಿರಬೇಕು. ತರಿ ಉಳಿದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಚಿಗವ್ವ ಆಯಿಯ ಎದುರು ಕೂತು ಗೂಟ ಹಿಡಿದಳೆಂದರೆ, ಅರ್ಧ ಸುತ್ತು ಆಯಿ ಎಳೆದು ಕೊಟ್ಟ ಕಲ್ಲು ಅವಳ ಪಾಲಿನ ಅರ್ಧ ಸುತ್ತಿನಲ್ಲಿ ನಿಂತುಬಿಡುತ್ತಿತ್ತು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದವು.

“ಅನ್ನ ಉಂಡ ಕೈ. ಅಗಳಿನಂಗs ಮೆತ್ತಗ ಐತಿ.” ಆಯಿಯ ಮಾತು ಹೀಗೆ.

“ಕಲಿತೀನ್ರಿ ಅತ್ತಿ.”

“ಯಾವಾಗ? ನನ್ನ ತಿಥಿ ರೊಟ್ಟಿಗೇನು?”

ಅಪ್ಪ ಮಾತು ಕಡಿಮೆಯ ಮನುಷ್ಯ. ತಾಯಿಗೂ ಹೆಂಡತಿಗೂ ನಡುವೆ ಮಾತು ಶುರುವಾದರೆ ಎದ್ದು ಹೋಗಿ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದ. ಔಡಲ ಎಣ್ಣೆಗೆ, ಅಂದರೆ ಹರಳೆಣ್ಣೆಗೆ, ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಕೀಲೆಣ್ಣೆ ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ತೂಗಾಡುತ್ತಿತ್ತು. ನಮ್ಮ ಮನೆಯಲ್ಲಿ ಜಗಳ ಹೆಚ್ಚಾದ ಕಾರಣಕ್ಕೆ ನಮ್ಮ ಗಾಡಿಯಷ್ಟು ಹಗುರಾಗಿ ಓಡುವ ಗಾಡಿ ಊರಲ್ಲಿ ಇನ್ನೊಂದಿರಲಿಲ್ಲ. ಒಂದು ದಿನ ಅಪ್ಪ ಹಾಗೆಯೇ ಎಣ್ಣೆ ಹಾಕುತ್ತಿರುವಾಗ ಆಯಿ ಅಲ್ಲಿಗೇ ಹೋಗಿ ನಿಂತಳು. ನಾನು ಎತ್ತಿನ ಮರೆಯಲ್ಲಿದ್ದೆ.

“ಪಂಚಮಿಗೆ ಆಕೀ ಅಣ್ಣ ಕರಿಯಾಕ ಬರ್ತಾನ. ಹೋಗ್ಲಿ. ಬೀಸಾಕ ಬರೂ ಹಂಗಾದ್ರ ಕರ್ಸೂಣು. ಇಲ್ಲಂದ್ರ ಅಲ್ಲೇ ಆರಾಮ ಅನ್ನ ಉಣ್ಕೊಂತ ಇರ್ಲಿ.”

ಅಪ್ಪ ಗಾಲಿ ತಿರುವಿ ನೋಡಿದ. ಪಂಚಮಿಗೆ ತವರಿಗೆ ಹೋದ ಸೊಸೆಯನ್ನು ಗಂಡನ ಮನೆಯವರು ಕರೆಯಲು ಹೋಗಬೇಕು, ಅದು ನಮ್ಮ ಕಡೆಯ ರೀತಿ. ಕರೆಯಲು ಹೋಗದಿದ್ದರೆ ಅವಳು ತಾನಾಗಿ ಬರುವ ಹಾಗಿಲ್ಲ. ಅಂದರೆ ಆ ಕಲ್ಲು ಒಪ್ಪಿದರೆ ನನಗೊಬ್ಬ ಅವ್ವ ಇದ್ದಾಳೆ, ಕಲ್ಲು ಒಪ್ಪದಿದ್ದರೆ ಇಲ್ಲ. ಅಂದಿನಿಂದ ನಾನು ಯಾರೂ ಇಲ್ಲದಾಗ ಕಲ್ಲಿಗೆ ಕುಂಕುಮ ಹಚ್ಚಿ, “ಹಗುರ ಆಗವ್ವಾ” ಎಂದು ಕೈಮುಗಿಯುತ್ತಿದ್ದೆ.

ಅದೇ ಹೊತ್ತಿಗೆ ಮುಂಗಾರು ಬಿದ್ದು ಹೆಸರು ಬಿತ್ತುವ ದಿನ ಬಂತು. ಬಿತ್ತುವವರಿಗೆಲ್ಲ ನಮ್ಮ ಮನೆಯ ಬುತ್ತಿ. ಹಿಂದಿನ ದಿನ ಆಯಿ ಚಿಗವ್ವನಿಗೆ ಹೇಳಿದ್ದಳು:

“ಕಲ್ಲಿನ ನಡುವಿನ ಕೀಲಕ್ಕ ಒಂದು ಹನಿ ಔಡಲ ಎಣ್ಣಿ ಬಿಡು. ಹಗುರ ತಿರುಗತೈತಿ.”

ಚಿಗವ್ವ ಒಂದು ಹನಿ ಬಿಟ್ಟಳು, ತಿರುವಿದಳು. ಹೌದು, ಹಗುರಾಗಿತ್ತು. ಅವಳ ಬುದ್ಧಿ ಅಲ್ಲಿಂದ ಮುಂದೆ ಹೋಯಿತು. ಒಂದು ಹನಿಗೆ ಇಷ್ಟು ಹಗುರಾದರೆ? ಗಾಡಿಗೆ ಅಷ್ಟೊಂದು ಹಾಕುತ್ತಾರಲ್ಲ? ತವರಿನ ಒರಳು ನೀರು ಕುಡಿದೇ ಅಲ್ಲವೇ ನುಣ್ಣಗೆ ತಿರುಗುವುದು? ನಸುಕಿನಲ್ಲಿ ಎದ್ದು ಮೇಲಿನ ಕಲ್ಲು ಎತ್ತಿ, ಕೆಳಗಿನ ಕಲ್ಲಿನ ಮುಖಕ್ಕೆಲ್ಲ, ನನ್ನ ತಲೆಗೆ ಹಚ್ಚುವ ಹಾಗೆ ಪ್ರೀತಿಯಿಂದ, ಔಡಲ ಎಣ್ಣೆ ಸವರಿದಳು. ಆಯಿ ಆ ಹೊತ್ತಿಗೆ ಕಣದ ಕಡೆ ಹೋಗಿದ್ದಳು. ನನಗೆ ಎಚ್ಚರವಾದದ್ದು ಶಬ್ದದಿಂದ ಅಲ್ಲ, ಶಬ್ದ ಇಲ್ಲದ್ದರಿಂದ. ಎದ್ದು ನೋಡಿದರೆ ಚಿಗವ್ವ ಒಂದೇ ಕೈಯಲ್ಲಿ ಕಲ್ಲು ತಿರುವುತ್ತಿದ್ದಾಳೆ. ಕಲ್ಲು ಬುಗುರಿಯ ಹಾಗೆ ಸುತ್ತುತ್ತಿದೆ. ಅವಳ ಮುಖ ನೋಡಬೇಕಿತ್ತು!

“ಪಾರಿ, ಬಾರವ್ವಾ ಇಲ್ಲೆ, ನೋಡು! ಕಲ್ಲು ನನ್ನ ಮಾತು ಕೇಳಾಕತ್ತೈತಿ!”

ಇಬ್ಬರೂ ನಕ್ಕೆವು. ನಾನೂ ಒಂದು ಬೆರಳಿಂದ ತಿರುವಿ ನೋಡಿದೆ. ನಗು ಮುಗಿಯುವ ಹೊತ್ತಿಗೆ ಕಲ್ಲಿನ ಅಂಚಿನಿಂದ ಬಿದ್ದದ್ದನ್ನು ನೋಡಿದೆವು. ಹಿಟ್ಟಲ್ಲ, ಜೋಳ. ಹಾಕಿದ ಜೋಳ ಹಾಗೆಯೇ ಎಣ್ಣೆ ಹಚ್ಚಿಕೊಂಡು, ಮದುಮಗನ ಹಾಗೆ ಮಿಂಚುತ್ತ ಹೊರಗೆ ಬಂದಿತ್ತು. ಚಿಗವ್ವನ ಬಣ್ಣ ಇಳಿಯಿತು. ಅದನ್ನೇ ಮತ್ತೆ ಹಾಕಿ ಬೀಸಿದಳು, ಮತ್ತೆ ಹಾಕಿದಳು. ಎಣ್ಣೆಯನ್ನೆಲ್ಲ ಜೋಳ ಕುಡಿದಮೇಲೆ ಕಲ್ಲು ಒಂದಿಷ್ಟು ಹಿಡಿಯಿತು. ಬಂದ ಹಿಟ್ಟನ್ನು ಸೋಸಿ, ಯಾರಿಗೂ ಹೇಳದೆ ರೊಟ್ಟಿ ಬಡಿದು ಬುತ್ತಿ ಕಟ್ಟಿದಳು.

ಔಡಲ ಎಣ್ಣೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿತ್ತುವ ಕೂರಿಗೆ ಒಂದು ಕಡೆ, ಎತ್ತು ಒಂದು ಕಡೆ, ಬಿತ್ತುವವರು ಒಬ್ಬೊಬ್ಬರಾಗಿ ಬೇಲಿಯ ಮರೆಗೆ. ಎರೆಹೊಲದ ಹಸಿ ಯಾರಿಗೂ ಕಾಯುವುದಿಲ್ಲ. ಅಂದು ಬಿತ್ತದೆ ಉಳಿದ ಪಟ್ಟಿ ಆ ವರ್ಷ ಹಾಗೆಯೇ ಬೀಳು ಉಳಿಯಿತು. ಅಪ್ಪ ಸಂಜೆಗೆ ಗೋಡೆ ಹಿಡಿದುಕೊಂಡು ಮನೆಗೆ ಬಂದ. ಆಯಿ ಕಲ್ಲನ್ನು ಎತ್ತಿಸಿ, ಅದರ ಮುಖದ ಮೇಲೆ ಅಂಗೈ ಆಡಿಸಿ, ಮೂಗಿಗೆ ಹಿಡಿದಳು.

“ಯಾರ ಬುದ್ಧಿ ಇದು?”

“ನಂದs ರಿ. ಹಗುರ ಆಗಲಿ ಅಂತ…”

“ಹಗುರ ಆತು. ನನ್ನ ಮಗನ ಹೊಟ್ಟಿ ಹಗುರ ಆತು!”

ಅಪ್ಪನೇ ಮೊದಲು ನಕ್ಕ. ಆಯಿ ನಗಲಿಲ್ಲ. ಒಲೆಯ ಬೂದಿ, ಜೋಳದ ಹೊಟ್ಟು, ಒಂದು ಮುಷ್ಟಿ ಹರಳುಪ್ಪು ತಂದು, ಚಿಗವ್ವನನ್ನು ಎದುರಿಗೆ ಕೂರಿಸಿಕೊಂಡು, ಎಣ್ಣೆ ಬಿಡುವತನಕ ಬೂದಿಯನ್ನು ಬೀಸಿದಳು. ಇಬ್ಬರೂ ಬೂದಿ ಬಡಿದುಕೊಂಡು ಜಂಗಮರಂತೆ ಕಾಣುತ್ತಿದ್ದರು. ಮೊದಮೊದಲು ಕಲ್ಲು ಸುಮ್ಮನೆ ಜಾರಿತು. ಆಮೇಲೆ ಅಲ್ಲೊಂದು ಇಲ್ಲೊಂದು ಗರ್ ಎಂದಿತು. ಕಡೆಗೆ ಒಂದೇ ಸಮ ಗುಡುಗತೊಡಗಿತು. ಆಯಿ ಚಿಗವ್ವನ ಕೈ ಹಿಡಿದು ಕೆಳಗಿನ ಕಲ್ಲಿನ ಮುಖದ ಮೇಲೆ ಇಟ್ಟಳು. ಅಲ್ಲಿ ಉಳಿಯಿಂದ ಹೊಡೆದ ಸಣ್ಣ ಸಣ್ಣ ಮುಳ್ಳುಗಳು ಇದ್ದವು.

“ನೋಡು. ಇವು ಹಿಡೀಬೇಕು. ಕಲ್ಲು ಕಲ್ಲು ಜಗಳಾಡಬೇಕು. ಜಗಳಾಡದ ಕಲ್ಲಿನಾಗ ಹಿಟ್ಟು ಬರೂದಿಲ್ಲ.”

ಚಿಗವ್ವ ತಲೆ ತಗ್ಗಿಸಿಯೇ ಅಂದಳು:

“ಹಂಗಾದ್ರ ಈ ಮನ್ಯಾಗ ಎಂದೂ ಹಿಟ್ಟಿನ ಕೊರತಿ ಆಗೂದಿಲ್ಲ ಬಿಡ್ರಿ ಅತ್ತಿ.”

ಆಯಿಯ ಬಾಯಿಯ ಒಂದು ಕಡೆ ಅಲುಗಿತು. ಅಷ್ಟೇ. ಮರುದಿನದಿಂದ ಬೀಸುವಾಗ ಬೈಗುಳದ ನಡುನಡುವೆ ಪಾಠವೂ ಬಂತು. ರಟ್ಟೆಯಿಂದ ಎಳೆಯಬೇಡ, ಸೊಂಟದಿಂದ ತೂಗು. ಕಲ್ಲು ನಿಂತಮೇಲೆ ನೂಕುವುದು ಕಷ್ಟ, ನಿಲ್ಲಲು ಬಿಡಬೇಡ. ಕಾಳು ಬಾಯಿತುಂಬ ಸುರಿಯಬೇಡ, ಅದರ ಹಸಿವು ನೋಡಿ ಹಾಕು. ಚಿಗವ್ವನ ಅಂಗೈ ಗಟ್ಟಿಯಾಗತೊಡಗಿತು. ಅವಳು ಅತ್ತೆಯ ಮೇಲೆಯೇ ಪದ ಕಟ್ಟಿ, ಬೀಸುತ್ತ ಅತ್ತೆಯ ಎದುರಿಗೇ ಹಾಡುತ್ತಿದ್ದಳು. ನಾನು ಕಂಬಳಿಯೊಳಗೆ ಮಲಗಿ, ಇನ್ನೇನು ಕಲ್ಲು ಒಪ್ಪಿತು ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಪಂಚಮಿ ಬಂತು, ಅವಳ ಅಣ್ಣ ಬಂದ. ಎತ್ತರದ ಆಳು, ಜೋರು ದನಿ. ನೀರಿನ ತಂಬಿಗೆ ಕೊಡಲು ಬಂದ ತಂಗಿಯ ಕೈ ನೋಡಿದವನು ತಂಬಿಗೆ ಕೆಳಗಿಟ್ಟ.

“ಇದೇನ್ರಿ ಇದು? ನಮ್ಮ ಮನ್ಯಾಗ ಆಳಿನ ಕೈನೂ ಹಿಂಗ ಇಲ್ಲ.”

ಆಯಿ ಸುಮ್ಮನಿರಬಹುದಿತ್ತು. ಈಗ ಕಲಿತಿದ್ದಾಳೆ ಎಂದು ಒಂದು ಮಾತು ಹೇಳಬಹುದಿತ್ತು.

“ಕೈ ಮೆತ್ತಗ ಇರಬೇಕಂದ್ರ ಕರಕೊಂಡು ಹೋಗ್ರಿ. ಅಕ್ಕ್ಯಾಗ ಇಟ್ಕೋರ್ರಿ.”

“ಹೋಗ್ತೀನ್ರಿ. ಮತ್ತ ಕಳಸೂದಿಲ್ಲ.”

ಚಿಗವ್ವ ಅತ್ತೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು. ಯಾರೂ ಅವಳನ್ನು ಕೇಳಲಿಲ್ಲ. ಗಾಡಿ ಹತ್ತುವಾಗ ನನ್ನ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದಳು. ಬಹಳ ದಿನ ಬಿಚ್ಚದ ಹಾಗೆ ಹೆಣೆದಳು. ನಾನು ಆ ಜಡೆಯನ್ನು ಆಯಿಗೆ ಮುಟ್ಟಗೊಡಲಿಲ್ಲ.

ಆ ಶ್ರಾವಣ ಹೇಗೆ ಹೋಯಿತು ಎಂದು ಕೇಳಬೇಡಿ. ಬಾಗಿಲು ಕಿರ್ರೆಂದರೆ ಓಡುತ್ತಿದ್ದೆ. ಎತ್ತು ಇರುತ್ತಿತ್ತು, ಅಪ್ಪ ಇರುತ್ತಿದ್ದ. ಆಯಿ ನಸುಕಿನಲ್ಲಿ ಒಬ್ಬಳೇ ಬೀಸುತ್ತಿದ್ದಳು. ಮೊದಲೂ ಒಬ್ಬಳೇ ಬೀಸಿದವಳು, ಆದರೆ ಈಗ ಅರ್ಧ ಸುತ್ತು ಎಳೆದು ಕೈ ಸಡಿಲು ಬಿಡುತ್ತಿದ್ದಳು, ಎದುರಿನವರು ಉಳಿದರ್ಧ ಎಳೆಯುತ್ತಾರೆ ಎನ್ನುವ ಹಾಗೆ. ಕಲ್ಲು ನಿಂತುಬಿಡುತ್ತಿತ್ತು. ಒಂದು ದಿನ ನಾನು ಎದ್ದು ಹೋಗಿ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದೆ. ನನ್ನ ಬಲಕ್ಕೆ ಕಲ್ಲು ಅಲುಗಲೂ ಇಲ್ಲ. ಆಯಿ ನನ್ನ ಮುಖ ನೋಡಿದಳು, ಸಿಕ್ಕುಗಟ್ಟಿದ ಜಡೆ ನೋಡಿದಳು. ಎದ್ದು ಹೊರಗೆ ಹೋದಳು.

“ಗಾಡಿ ಕಟ್ಟೋ.”

“ಎಲ್ಲಿಗೆ ಯವ್ವಾ?” ಅಪ್ಪ ಕೇಳಿದ.

“ಗಂಗಾವತಿ ಕಡೆ. ಅಕ್ಕಿ ತರಬೇಕು.”

ಅಕ್ಕಿ ತಿನ್ನುವವರು ನಮ್ಮ ಮನೆಯಲ್ಲಿ ಯಾರಿದ್ದರು? ಅಂದು ಅಪ್ಪ ಎತ್ತು ಹೂಡಿದಷ್ಟು ಬೇಗ ಎಂದೂ ಹೂಡಿದ್ದಿಲ್ಲ. ಅತ್ತೆಯಾದವಳು ತಾನೇ ಸೊಸೆಯನ್ನು ಕರೆಯಲು ಹೋಗುವುದು ನಮ್ಮಲ್ಲಿ ಇಲ್ಲ, ಊರು ನಗುತ್ತದೆ. ಆಯಿ ಸೆರಗು ಬಿಗಿದು ಗಾಡಿಯ ಮುಂದಿನ ಕಡೆಯೇ ಕೂತಳು, ನೋಡುವವರು ನೋಡಲಿ ಎಂದು. ಎರೆಮಣ್ಣು ಗಾಲಿಗೆ ಮೆತ್ತಿ ಮೆತ್ತಿ, ಅಪ್ಪ ಕೋಲಿನಿಂದ ಕೆರೆದು ಕೆರೆದು, ಕೊಪ್ಪಳದ ಕೋಟೆಯ ಗುಡ್ಡ ದಾಟಿ, ಬಂಡೆಗಳ ನಡುವೆ ಹಸಿರು ಕಾಣುವ ಹೊತ್ತಿಗೆ ನನಗೆ ಮೈಯೆಲ್ಲ ನೋವು. ಆದರೆ ಆ ಹಸಿರು! ನಾನು ಅಂಥ ಹಸಿರನ್ನು ಕಂಡೇ ಇರಲಿಲ್ಲ.

ಚಿಗವ್ವನ ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಎದ್ದು ನಿಂತನೇ ಹೊರತು ಬನ್ನಿ ಎನ್ನಲಿಲ್ಲ.

“ನೀಲವ್ವ ನಾಟೀ ಗದ್ದ್ಯಾಗ ಅದಾಳ. ಸಂಜೀಕ ಬರ್ತಾಳ. ಆಕೀನ್ನs ಕೇಳ್ರಿ. ನಾ ಅಂತೂ ಕಳಸೂದಿಲ್ಲ.”

ಆಯಿ ಸಂಜೆಯತನಕ ಕೂರುವ ಜೀವವೇ ಅಲ್ಲ. ಗದ್ದೆ ಯಾವ ಕಡೆ ಎಂದು ಕೇಳಿ ನಡೆದೇಬಿಟ್ಟಳು, ಹಿಂದೆ ನಾನು. ಹುಟ್ಟಿದಾಗಿನಿಂದ ಒಣ ನೆಲದಲ್ಲಿ ನಡೆದವಳು ಅವಳು. ಗದ್ದೆಯ ಬದು ಎಂದರೆ ಒಂದು ಗೇಣಗಲ, ಎರಡೂ ಕಡೆ ನೀರು, ಮೇಲೆಲ್ಲ ಪಾಚಿ ಬೆರೆತ ಜೇಡಿ. ನಾಲ್ಕು ಹೆಜ್ಜೆ ಇಡುವುದರೊಳಗೆ ಅವಳ ಕಾಲು ಮುಂದಕ್ಕೆ ಹೋಯಿತು, ಮೈ ಹಿಂದಕ್ಕೆ ಉಳಿಯಿತು. ಆಯಿ ಗದ್ದೆಯೊಳಗೆ ಕೂತಿದ್ದಳು, ಸೊಂಟದತನಕ ಕೆಸರು. ನಾಟಿ ಮಾಡುತ್ತಿದ್ದ ಹೆಂಗಸರು ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದರು. ಅವರ ನಡುವಿನಿಂದ ಒಬ್ಬಳು ಸಸಿಯ ಕಟ್ಟು ಬಿಸಾಡಿ ನೀರಲ್ಲಿ ಧಬಧಬ ಓಡಿ ಬಂದಳು.

“ಅಯ್ಯಯ್ಯ, ಅತ್ತಿ! ನೀವ್ಯಾಕ ಬಂದ್ರಿ ಇಲ್ಲಿಗೆ?”

“ಅಕ್ಕಿ ನೋಡಾಕ ಬಂದಿದ್ದೆ.”

“ಕುಂತು ನೋಡ್ತೀರೇನ್ರಿ?”

ಚಿಗವ್ವ ಆಯಿಯ ಕೈ ಹಿಡಿದು ಬದುವಿನ ಮೇಲೆ ಎಬ್ಬಿಸಿ ನಿಲ್ಲಿಸಿದಳು. ಆಯಿಯ ಕಾಲು ಮತ್ತೆ ಜಾರಿತು.

“ಹಿಮ್ಮಡ ಊರಬ್ಯಾಡ್ರಿ. ಹೆಬ್ಬೆರಳು ಕೆಸರಿನಾಗ ಚುಚ್ಚರಿ. ಹಾಂ, ಹಂಗ. ಗಟ್ಟಿ ಚುಚ್ಚರಿ, ಅದು ಹಿಡೀತೈತಿ. ಸಣ್ಣ ಹೆಜ್ಜಿ ಇಡ್ರಿ. ನನ್ನ ಕೈ ಹಿಡೀರಿ.”

ನಮ್ಮ ಆಯಿ, ಯಾರ ಮಾತನ್ನೂ ಕೇಳದ ಆಯಿ, ಮಗುವಿನ ಹಾಗೆ ಬೆರಳು ಊರಿದಳು. ಒಂದು ಹೆಜ್ಜೆ, ಮತ್ತೊಂದು. ನಡುವೆ ನಿಂತಳು. ಹಿಡಿದ ಕೈಯನ್ನು ತಿರುವಿ ನೋಡಿದಳು. ಗುಳ್ಳೆ ಎದ್ದಿದ್ದ ಜಾಗದಲ್ಲಿ ಗಟ್ಟಿಯಾದ ಚರ್ಮ ಇನ್ನೂ ಹಾಗೆಯೇ ಇತ್ತು.

“ಗಾಡೀತನಕ ಬಿಡಬ್ಯಾಡ, ನೀಲವ್ವ.”

“ಬಿಡೂದಿಲ್ಲರಿ. ಗಾಡಿ ಹತ್ತಿದಮ್ಯಾಲ?”

ಆಯಿ ಕೆಸರನ್ನೇ ನೋಡುತ್ತ ನಿಂತಳು. ನೀರಿನಲ್ಲಿ ಕಪ್ಪೆಯೊಂದು ಜಿಗಿಯಿತು.

“ಹತ್ತಿದಮ್ಯಾಲ ನನ್ನ ಬಾಜೂಕ ಕುಂದ್ರು. ಜಾಗಾ ಐತಿ.”

ಚಿಗವ್ವ ಮುಂಗೈಯಿಂದ ಮೂಗು ಒರೆಸಿಕೊಂಡು, ಮನೆಯ ಕಡೆ ಕೂಗಿದಳು. ಆ ಕೂಗು ಎಷ್ಟು ಗದ್ದೆ ದಾಟಿ ಹೋಯಿತೋ!

“ಅಣ್ಣಾ! ನನ್ನ ಸೀರಿ ಗಂಟು ಗಾಡ್ಯಾಗ ಇಡಸೋ!”

ಆಮೇಲೆ ಮುಂದೆ ಅವಳು, ಅವಳ ಬಲಗೈ ಹಿಡಿದು ಆಯಿ, ಹಿಂದೆ ನಾನು. ಸ್ವಲ್ಪ ದೂರ ಹೋದಮೇಲೆ ಅವಳು ಹಿಂದಿರುಗಿ ನೋಡದೆಯೇ ಎಡಗೈಯನ್ನು ಆಯಿಯ ಮಗ್ಗುಲಿನಿಂದ ಹಿಂದೆ ನನ್ನ ಕಡೆ ಚಾಚಿದಳು. ಮೊಣಕೈತನಕ ಕೆಸರು, ನನ್ನ ಕೈಯೂ ಕೆಸರು. ಜಾರಬೇಕಾಗಿತ್ತು. ಜಾರಲಿಲ್ಲ.